ಅವನ ಬಾಯಲ್ಲಿ ನನ್ನ ರಾಗಿ

ಸಾವಿರದ ಒಂಬೈನೂರ ಮೂವತ್ತೆಂಟನೇ ಇಸವಿ, ಸಂಕ್ರಾಂತಿ ಕಳೆದ ಮೇಲಿನ ಮೊದಲ ಗುರುವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ, ಆವನಿಗೆ ಹತ್ತಿರದ ನಮ್ಮ ಊರಿನ ಕಣ. ಹಾಜರಿದ್ದವರು ನಾನು, ನನ್ನ ಹೆಂಡತಿ ಮತ್ತು ನಮ್ಮೂರಿನಲ್ಲಿ ಆಲೆಮನೆ ನಡೆಸುತ್ತಿದ್ದ ಒಬ್ಬ ಹಿರಿಯರು. ಬರಬೇಕಾಗಿದ್ದೂ ಬಾರದೆ ಇದ್ದವನು ನನ್ನ ಷಡ್ಡಕ, ಎಂದರೆ ಹೆಂಡತಿಯ ತಂಗಿಯ ಗಂಡ. ಅವನು ಬೈರಕೂರಿನ ಕಡೆಯವನು, ತರಕಾರಿ ಬೆಳೆಯುವವನು. ಹಿಂದಿನ ಸಂಜೆಯೇ ಪಕ್ಕದ ಊರಿನ ನಮ್ಮ ಮಾವನ ಮನೆಗೆ ಬಂದು ಇಳಿದಿದ್ದ. ಅತ್ತೆ ಅವನನ್ನು ಹೊತ್ತಾದರೂ ಏಳಿಸದೆ, ಎದ್ದ ಮೇಲೆ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಹಾಕಿ ಕೊಡುತ್ತಿದ್ದಾರೆ ಎಂಬುದು ನನಗೆ ನೋಡದೆಯೇ ಗೊತ್ತಿತ್ತು. ನಾನು ಆ ಮನೆಗೆ ಹೋದರೂ ರೊಟ್ಟಿ ಸಿಗುತ್ತಿತ್ತು. ಬೆಣ್ಣೆಯನ್ನು ಕೇಳಬೇಕಾಗುತ್ತಿತ್ತು.

ಆ ದಿನದ ಕೆಲಸ ಎರಡು. ಬೆಳಿಗ್ಗೆ ರಾಶಿ ಅಳೆಯುವುದು. ಮಧ್ಯಾಹ್ನ ಮುಳಬಾಗಿಲಿಗೆ ಹೋಗಿ ಮಾತಾಡುವುದು. ಮುಳಬಾಗಿಲಿನಲ್ಲಿ ಪೇಟೆಯ ಹಿರಿಯರು ಸೇರಿ ಹಳ್ಳಿಯ ಹುಡುಗರಿಗಾಗಿ ಒಂದು ವಸತಿನಿಲಯ ನಡೆಸುತ್ತಿದ್ದರು. ಅಲ್ಲಿದ್ದವರು ನಮ್ಮ ಹುಡುಗರೇ. ಆದರೆ ಎರಡು ಹೊತ್ತೂ ಅವರಿಗೆ ಬಡಿಸುತ್ತಿದ್ದದ್ದು ರೈಲಿನಲ್ಲಿ ಬಂದ ರಂಗೂನ್ ಅಕ್ಕಿಯ ಅನ್ನ. ನಮ್ಮ ರಾಗಿ ಆ ಬಾಗಿಲು ದಾಟಿರಲಿಲ್ಲ. ಆ ಗುರುವಾರ ನಿಲಯದ ಸಮಿತಿ ಕೂಡಿ, ಮುಂದಿನ ಇಡೀ ವರ್ಷಕ್ಕೆ ಅಕ್ಕಿಯನ್ನು ಕೋಲಾರದ ವರ್ತಕರಿಗೆ ಹೇಳಿಬಿಡುವುದೆಂದು ನಿಶ್ಚಯವಾಗಿತ್ತು. ಸುತ್ತಲ ಊರುಗಳ ರಾಗಿ, ತರಕಾರಿಯನ್ನು ನಿಲಯ ಕೊಳ್ಳಬೇಕೆಂದಿದ್ದರೆ ರೈತರು ಬಂದು ಸಭೆಯ ಮುಂದೆ ಹೇಳಲಿ ಎಂದು ಅವರೇ ಸುದ್ದಿ ಕಳಿಸಿದ್ದರು.

ಊರವರು ನನ್ನನ್ನು ಆರಿಸಿದರು. ಅದರಲ್ಲಿ ಆಶ್ಚರ್ಯವಿರಲಿಲ್ಲ. ನಾನು ಟೇಕಲ್ಲಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಓದಿದವನು. ಮಾವ ರೈಲ್ವೆ ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದರು. ಅವರ ಮನೆಯಲ್ಲಿ ಸ್ನಾನ ಒಂದು ಗಾಡಿಗೆ, ಊಟ ಇನ್ನೊಂದು ಗಾಡಿಗೆ, ದೀಪ ಆರಿಸುವುದು ಮದರಾಸಿನ ಗಾಡಿಗೆ. ಮಾಲೂರಿನ ಕಡೆಯಿಂದ ಸಿಳ್ಳೆ ಕೇಳಿಸಿದಾಗ ಕೈಯಲ್ಲಿ ಪುಸ್ತಕ ಇಲ್ಲದಿದ್ದರೆ ಕಿವಿ ಕೆಂಪಾಗುತ್ತಿತ್ತು. ಆ ಶಿಸ್ತನ್ನೇ ನಾನು ಹೊಲಕ್ಕೆ ತಂದೆ. ಸಭೆಯಲ್ಲಿ ಆಡಬೇಕಾದ ಮಾತನ್ನೂ ಹಾಗೆಯೇ ಸಿದ್ಧಮಾಡಿಕೊಂಡಿದ್ದೆ. ದಿನವೂ ಎತ್ತುಗಳಿಗೆ ನೀರು ಕುಡಿಸುವಾಗ ಅವುಗಳ ಮುಂದೆ ನಿಂತು ಒಪ್ಪಿಸುತ್ತಿದ್ದೆ. ಎತ್ತುಗಳು ಒಪ್ಪಿದ್ದವು.

ಆಗ ಹೆಂಡತಿಯ ತಂದೆ ಹೇಳಿ ಕಳಿಸಿದರು: "ಚಿಕ್ಕ ಅಳಿಯನ್ನೂ ಜೊತೆಗೆ ಕರ್ಕೊಂಡ್ ಹೋಗಿ. ಮಾತು ಬಲ್ಲೋನು."

ಈ ಮಾತು ನನಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಅವನು ಬೆಳಿಗ್ಗೆ ಬಿಸಿಲೇರಿದ ಮೇಲೆ ಏಳುವವನು. ಮನಸ್ಸು ಬಂದಾಗ ಬಾವಿಗೆ ಕಪಿಲೆ ಹೂಡಿ ನೀರೆತ್ತುವವನು. ಗುದ್ದಲಿಯನ್ನು ಬದುವಿನ ಮೇಲೆ ಮರೆತು ಮಾರನೆಯ ದಿನ ಹುಡುಕುವವನು. ಆದರೂ ಅವನ ಬದನೆ ಎಳೆಬಿಸಿಲಿನಲ್ಲಿ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ನಾನು ಸಾಲು ಹಿಡಿದು ನೆಟ್ಟು, ಹೊತ್ತಿಗೆ ಸರಿಯಾಗಿ ನೀರು ಕಟ್ಟಿದ ಬದನೆ ಕಹಿಯಾಗುತ್ತಿತ್ತು. ಶ್ರೀನಿವಾಸಪುರದ ಸಂತೆಯಲ್ಲಿ ಒಮ್ಮೆ ಇಬ್ಬರೂ ಅಕ್ಕಪಕ್ಕ ಬುಟ್ಟಿ ಇಟ್ಟುಕೊಂಡು ಕೂತಿದ್ದೆವು. ಅವನು ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಹೆಂಗಸರನ್ನು ನಗಿಸುತ್ತ ಬುಟ್ಟಿ ಖಾಲಿ ಮಾಡಿಕೊಂಡು, ಆಮೇಲೆ ನನ್ನ ಬುಟ್ಟಿಯನ್ನೂ ಮಾರಿಕೊಟ್ಟ. ಮಾರದೆ ಹೋಗಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಕಣದಲ್ಲಿ ಅಳತೆ ಶುರುಮಾಡಿದೆವು. ನಮ್ಮ ಕಡೆ ರಾಶಿ ಅಳೆಯುವಾಗ ಯಾರೂ ಮಾತಾಡಬಾರದು. ಚಪ್ಪಲಿ ಕಣದ ಹೊರಗೆ. ಮೊದಲ ಕೊಳಗವನ್ನು ಒಂದು ಎನ್ನಬಾರದು, ಲಾಭ ಎನ್ನಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತನ್ನ ರಾಶಿಯನ್ನು ತಾನು ಚೆನ್ನಾಗಿದೆ ಎನ್ನಬಾರದು. ದಾರಿಹೋಕರು ಯಾರಾದರೂ "ಬೆಳೆ ಹೆಂಗೆ?" ಎಂದರೆ "ಏನೋ ಸುಮಾರು" ಎನ್ನಬೇಕು. ತೆನೆ ಮುಷ್ಟಿ ಕಟ್ಟಿ ನಿಂತಿದ್ದರೂ ಸುಮಾರು. ನೆಲದೊಳಗಿನ ಹಗೇವು ತುಂಬಿ ಕಾಳು ಉಳಿದರೂ ಸುಮಾರು. ಇಲ್ಲದಿದ್ದರೆ ದೃಷ್ಟಿಯಾಗುತ್ತದೆ. ನನ್ನ ತಂದೆ ಹಾಗೆಯೇ ಹೇಳುತ್ತಿದ್ದರು, ಅವರ ತಂದೆಯೂ.

ನಾನು "ಲಾಭ" ಎಂದು ಮೊದಲ ಕೊಳಗ ಎತ್ತಿದೆ. ಅಷ್ಟರಲ್ಲಿ ಬೇಲಿಯ ಆಚೆಯಿಂದ ಅವನ ದನಿ ಬಂತು.

"ಅಬ್ಬಬ್ಬಾ, ಏಮಿ ರಾಗುಲು! ಏನಣ್ಣಾ ಇದು, ಹವಳ ಸುರಿದಂಗೈತೆ!"

ಹೆಂಡತಿ ಮೊರ ಕೆಳಗಿಟ್ಟಳು. "ಥೂ, ನಿನ್ ಬಾಯಿಗೆ ಬೀಗ ಹಾಕಾ! ಅಲ್ಲೇ ನಿಂತ್ಕೋ. ಕಾಲೆತ್ತು."

"ಯಾವ ಕಾಲಕ್ಕಾ?"

"ಯಾವ್ದಾದ್ರೂ ಎತ್ತೋ!"

ಅವನು ತಲೆಯ ಮೇಲೆ ಬದನೆಯ ಬುಟ್ಟಿ ಹೊತ್ತುಕೊಂಡೇ ಒಂಟಿಕಾಲಿನಲ್ಲಿ ನಿಂತ. ಅವಳು ಅವನ ಕಾಲಡಿಯ ಮಣ್ಣನ್ನು ಚಿಟಿಕೆ ತೆಗೆದು, ರಾಶಿಗೆ ನಿವಾಳಿಸಿ, ಒಲೆಗೆ ಹಾಕಲು ಒಳಗೆ ಹೋದಳು. ಹಿರಿಯರು ನಗು ತಡೆಯಲಾರದೆ ಟವೆಲು ಬಾಯಿಗೆ ಒತ್ತಿಕೊಂಡರು. ನಾನು ನಗಲಿಲ್ಲ, ಅಳತೆ ನಿಲ್ಲಿಸಲೂ ಇಲ್ಲ. ಆದರೆ ಅವನ ಬುಟ್ಟಿಯನ್ನು ನೋಡಿಕೊಂಡೆ. ಸಮಿತಿಗೆ ತೋರಿಸಲು ತಂದ ಎಳೆಗಾಯಿಗಳ ನಡುವೆ ಹಳದಿಗೆ ತಿರುಗಿ ಮಾಗಿದ ಬದನೆಯೊಂದು ಕೂತಿತ್ತು. ನೋಡದೆ ತುಂಬಿದ್ದಾನೆ ಎಂದುಕೊಂಡೆ. ಅವನಿಗೆ ಹೇಳಲಿಲ್ಲ. ಸಭೆಯಲ್ಲಿ ಅವರೇ ಎತ್ತಿ ನೋಡಲಿ ಎಂದು ಸುಮ್ಮನಾದೆ.

ಅಳತೆ ಮುಗಿಸಿ, ಮಾದರಿಗೆಂದು ಒಂದು ಸಣ್ಣ ಚೀಲದಲ್ಲಿ ರಾಗಿ ಕಟ್ಟಿಕೊಂಡು, ಹಿರಿಯರೂ ಸೇರಿ ಮೂವರೂ ಗಾಡಿ ಹೂಡಿ ಹೊರಟೆವು. ದಾರಿಯುದ್ದಕ್ಕೂ ಅವನು ಹಾಡು ಗುನುಗುತ್ತಿದ್ದ. ನಾನು ಮನಸ್ಸಿನಲ್ಲಿ ಮಾತು ಒಪ್ಪಿಸಿಕೊಳ್ಳುತ್ತಿದ್ದೆ.

ನಿಲಯದ ಪಡಸಾಲೆಯಲ್ಲಿ ಸಮಿತಿ ಕೂತಿತ್ತು. ಅಧ್ಯಕ್ಷರು ಒಬ್ಬ ವಕೀಲರು, ಬಿಳಿ ರುಮಾಲಿನವರು. ಪಕ್ಕದಲ್ಲಿ ನಿಲಯದ ಮೇಲ್ವಿಚಾರಕರು. ಹಿಂದೆ ಪೇಟೆಯ ನಾಲ್ಕಾರು ಜನ. ಮೇಲ್ವಿಚಾರಕರು ಕೆಟ್ಟವರಲ್ಲ. ತಮ್ಮ ಕಷ್ಟವನ್ನು ನೇರವಾಗಿ ಹೇಳಿದರು. ಅಕ್ಕಿಯಾದರೆ ತೊಳೆದು ಒಲೆಯ ಮೇಲಿಟ್ಟರೆ ಆಯಿತು. ರಾಗಿಯನ್ನು ಆರಿಸಬೇಕು, ಬೀಸಬೇಕು, ಅಷ್ಟು ಹುಡುಗರಿಗೆ ಮುದ್ದೆ ತಿರುವಲು ತೋಳಿನಲ್ಲಿ ಕಸುವು ಬೇಕು. ಸಂತೆಯ ರಾಗಿಯಲ್ಲಿ ಕಲ್ಲು ಬೇರೆ. ಕೊನೆಯಲ್ಲಿ ಒಂದು ಮಾತು ಸೇರಿಸಿದರು: "ನಿಮ್ಮ ಮನೆಗೇ ನೆಂಟರು ಬಂದ್ರೆ ನೀವು ಅನ್ನ ಮಾಡ್ತೀರಿ. ನಮಗೆ ಮುದ್ದೆ ಮಾಡಿ ಅಂತ ಹೇಳೋಕೆ ಬಂದಿದೀರಿ."

ವಕೀಲರು ನನ್ನ ಕಡೆ ತಿರುಗಿದರು. ನಾನು ಎದ್ದು ನಿಂತೆ. ಚೀಲ ಬಿಚ್ಚಿ ರಾಗಿ ಮುಂದಿಟ್ಟೆ. ಅವರು ಒಂದು ಹಿಡಿ ಎತ್ತಿ ಅಂಗೈಯಲ್ಲಿ ಹರಡಿಕೊಂಡು ಕೇಳಿದರು:

"ಏನಪ್ಪಾ, ಹೇಗಿದೆ ಈ ಸಾರಿ ನಿಮ್ಮ ರಾಗಿ?"

ಎತ್ತುಗಳ ಮುಂದೆ ಒಪ್ಪಿಸಿದ ಅಷ್ಟು ಮಾತೂ ನಾಲಿಗೆಯ ತುದಿಯಲ್ಲಿತ್ತು. ಆದರೆ ನನ್ನ ಬಾಯಿಂದ ಹೊರಟದ್ದು ಬೇರೆ.

"ಏನೋ, ಸುಮಾರಾಗೈತೆ ಸ್ವಾಮಿ."

ಹಿಂದೆ ಯಾರೋ ಕಿಸಕ್ಕೆಂದರು. ವಕೀಲರು ಹಿರಿಯರನ್ನು ನೋಡಿದರು. "ನಿಮ್ಮ ಬೆಲ್ಲ?"

"ಅಷ್ಟಕ್ಕಷ್ಟೇ ಬುದ್ಧಿ," ಎಂದರು ಹಿರಿಯರು, ಕೈಮುಗಿದು.

"ಸುಮಾರು, ಅಷ್ಟಕ್ಕಷ್ಟೇ. ಬೆಳೆದವರೇ ಹೀಗಂದ್ರೆ ನಾನು ಹುಡುಗರ ಎಲೆಗೆ ಯಾವ ಧೈರ್ಯದ ಮೇಲೆ ಬಡಿಸ್ಲಿ?" ಎಂದು ವಕೀಲರು ಅಂಗೈಯ ರಾಗಿಯನ್ನು ಚೀಲಕ್ಕೆ ವಾಪಸು ಸುರಿದರು. ಮೇಲ್ವಿಚಾರಕರು ಕೋಲಾರದ ವರ್ತಕರ ವಿಷಯ ತೆಗೆಯಲು ಗಂಟಲು ಸರಿಮಾಡಿಕೊಂಡರು. ಬೇಕಾದ ಮಾತು ನನಗೆ ಗೊತ್ತಿತ್ತು, ಹೇಳಲು ಬಾಯಿ ಒಗ್ಗಿರಲಿಲ್ಲ.

ಆಗ ಅವನು ಎದ್ದ.

"ಸ್ವಾಮೇರಾ, ನಾನು ರಾಗಿ ಮಾರೋನಲ್ಲ. ಬೈರಕೂರಲ್ಲಿ ಬದನೆ ಬೆಳೀತೀನಿ. ರಾಗಿ ಈ ಅಣ್ಣನ ಹತ್ರಾನೇ ತಗೊಂಡ್ ಹೋಗಿ ತಿಂತೀನಿ. ಯಾಕೆ ಹೇಳ್ಲಾ? ಇವರ ಕಣ ನೋಡಿದೀರಾ? ನಮ್ಮನೆ ದೇವರ ಗೂಡು ಅಷ್ಟು ಚೊಕ್ಕಟಾಗಿಲ್ಲ. ಇವರ ರಾಗೀಲಿ ಒಂದು ಕಲ್ಲು ಸಿಕ್ಕಿದ್ರೆ ಅದನ್ನ ಕೂರಿಸಿ ಪೂಜೆ ಮಾಡ್ಬೋದು, ಅಷ್ಟು ಅಪರೂಪ. ಗೊಬ್ಬರಕ್ಕೆ ಅಂತ ಕುರಿಮಂದೆ ನಿಲ್ಸಿದ ಹೊಲ. ಬಿತ್ತೋಕೆ ಒಂದ್ ದಿನ ಅಂದ್ರೆ ಆ ದಿನಾನೇ, ಮಳೆರಾಯ ಬೇಕಾದ್ರೆ ಇವರ ಹೊತ್ತಿಗೆ ಬರ್ಬೇಕು. ಹಿಟ್ಟು ಬಿಸಿನೀರಿಗೆ ಬಿದ್ರೆ ಗಂಟು ಕಟ್ಟಲ್ಲ. ಮುದ್ದೆ ಬೆಳಿಗ್ಗೆ ಮಾಡಿದ್ದು ಸಂಜೆಗೂ ಬೆಣ್ಣೆ ಇದ್ದಂಗಿರುತ್ತೆ."

ಮೇಲ್ವಿಚಾರಕರು ಕೇಳಿದರು: "ಮತ್ತೆ ನೆಂಟರಿಗೆ ಅನ್ನ ಯಾಕಪ್ಪಾ?"

"ನೆಂಟರಿಗೆ ಅನ್ನ ಹಾಕೋದು ಎರಡು ದಿನಕ್ಕೆ ಹೋಗ್ಲಿ ಅಂತ ಸ್ವಾಮಿ. ಮಕ್ಕಳಿಗೆ ಮುದ್ದೆ ಹಾಕೋದು ಗಟ್ಟಿಯಾಗಿ ಉಳ್ಕೊಳ್ಲಿ ಅಂತ."

ಪಡಸಾಲೆ ನಕ್ಕಿತು. ವಕೀಲರ ರುಮಾಲು ಅಲುಗಿತು. ಅವರ ಕೈ ಮತ್ತೆ ಚೀಲದೊಳಕ್ಕೆ ಹೋಯಿತು.

ನನಗೆ ಆದದ್ದು ಸಂತೋಷವಲ್ಲ. ಅದು ನನ್ನ ಹೊಲ, ನನ್ನ ಕಣ, ನಾನು ಸಾರಿಸಿದ ನೆಲ. ಕುರಿಮಂದೆ ನಿಲ್ಲಿಸಿದ್ದನ್ನು ಅವನು ಯಾವಾಗ ನೋಡಿದ್ದ? ನನ್ನ ಬಾಯಿಂದ ಬರಬೇಕಾಗಿದ್ದ ಮಾತೆಲ್ಲ ಅವನ ಬಾಯಿಂದ ಬರುತ್ತಿತ್ತು, ಅದೂ ನಾನು ಸಿದ್ಧಮಾಡಿಕೊಂಡಿದ್ದಕ್ಕಿಂತ ಸೊಗಸಾಗಿ. ಅವನು ಕೂತ ಕೂಡಲೇ ನಾನು ಎದ್ದೆ. ಅವನೊಬ್ಬನೇ ಗೆದ್ದು ಹೋಗಬಾರದು ಎಂಬುದೊಂದೇ ತಲೆಯಲ್ಲಿತ್ತು.

"ಸ್ವಾಮಿ, ಇವನ ಬದನೆಕಾಯಿ ನೋಡಿ," ಎಂದೆ.

ಆಮೇಲೆ ನಾನು ನಿಲ್ಲಲಿಲ್ಲ. ಇವನ ಬದನೆಯನ್ನು ಹೆಚ್ಚಿಟ್ಟರೆ ಹೊತ್ತಾದರೂ ಕಪ್ಪಾಗುವುದಿಲ್ಲ ಎಂದೆ. ತೊಟ್ಟು ಹಸಿರು, ಮುಳ್ಳು ಕಡಿಮೆ, ಒಳಗೆ ಬೀಜ ಎಳೆಯದು ಎಂದೆ. ಅವರೆಕಾಳಿನ ಜೊತೆ ಒಂದೇ ಕುದಿಗೆ ಬೆಂದು, ಸಾರಿನಲ್ಲಿ ಕರಗಿಹೋಗದೆ ನಿಲ್ಲುತ್ತದೆ ಎಂದೆ. ಬಾವಿಯ ನೀರು ಸಿಹಿ, ಮಣ್ಣು ಕೆಂಪು ಮರಳು, ಹಿಂಡಿಯನ್ನು ಬುಡಕ್ಕೆ ಹಾಕದೆ ಗೇಣುದೂರಕ್ಕೆ ಹಾಕುತ್ತಾನೆ ಎಂದೆ. ಅವನು ತೋಟದಲ್ಲಿ ಇಲ್ಲದಾಗ ಬದುವಿನ ಮೇಲೆ ನಿಂತು, ಕಾಯನ್ನು ಉಗುರಿನಿಂದ ಒತ್ತಿ, ನಮ್ಮದು ಯಾಕೆ ಹೀಗಾಗಲಿಲ್ಲ ಎಂದು ವರ್ಷಗಟ್ಟಲೆ ಉರಿದುಕೊಂಡವನಿಗೆ ಇದೆಲ್ಲ ಗೊತ್ತಿರುತ್ತದೆ. ಪ್ರೀತಿಯಿಂದ ನೋಡಿದವನು ಇಷ್ಟು ವಿವರವಾಗಿ ನೋಡಿರುವುದಿಲ್ಲ. ನನ್ನ ನಾಲಿಗೆ ಒಮ್ಮೆಯೂ ತೊದಲಲಿಲ್ಲ. ನನ್ನದಲ್ಲದ ಬೆಳೆಯನ್ನು ಹೊಗಳಲು ಅದಕ್ಕೆ ಯಾವ ಅಡ್ಡಿಯೂ ಇರಲಿಲ್ಲ.

ನಾನು ಕೂತ ಮೇಲೆ ಹಿರಿಯರು ಸುತ್ತ ನೋಡಿ ಹೇಳಿದರು: "ನನ್ ಬೆಲ್ಲದ್ ವಿಷ್ಯ ಯಾರಾದ್ರೂ ಎದ್ದು ಹೇಳ್ರಪ್ಪಾ!"

ವಕೀಲರು ಮೇಜು ಬಡಿದು ನಕ್ಕರು. ತೀರ್ಮಾನವಾಯಿತು: ಮಧ್ಯಾಹ್ನ ಮುದ್ದೆ, ಅವರೆ ಬದನೆಯ ಸಾರು, ರಾತ್ರಿಗೆ ಅನ್ನ. ಯುಗಾದಿಯವರೆಗೆ ನೋಡೋಣ, ಸರಿಹೋದರೆ ವರ್ಷಪೂರ್ತಿ. ಮುದ್ದೆ ತಿರುವಬಲ್ಲ ಒಬ್ಬ ಅಡುಗೆಯವಳನ್ನು ಹುಡುಕುವುದು ಮೇಲ್ವಿಚಾರಕರ ಕೆಲಸ. ಮೊದಲ ಮೂಟೆ ಸೋಮವಾರ ಬರಬೇಕು. ಬೆಲ್ಲದ ಮಾತನ್ನೂ ಷಡ್ಡಕನೇ ಎದ್ದು ಮುಗಿಸಿಕೊಟ್ಟ.

ಆಮೇಲೆ ಕೋಲಾರದಲ್ಲಾಗಲಿ, ಮಾಲೂರಿನಲ್ಲಾಗಲಿ, ಇಂಥ ಸಭೆ ಎಲ್ಲಿ ಕೂಡಿದರೂ ನಾವಿಬ್ಬರೂ ಜೊತೆಯಾಗಿ ಹೋದೆವು. ಅವನು ನನ್ನ ರಾಗಿಗೆ, ನಾನು ಅವನ ತರಕಾರಿಗೆ. ನಮ್ಮ ನೆಲದ ಊಟದ ಪರವಾಗಿ ನಾಲ್ಕು ಜನರ ಮುಂದೆ ಮಾತಾಡುವುದು ಹೇಗೆ ಎಂದು ಈಗಿನ ರೈತರು ಕೇಳಿದರೆ ನಾನು ಹೇಳುವುದು ಇಷ್ಟೇ. ಪಕ್ಕದವನ ಹೊಲವನ್ನು ಹೊಟ್ಟೆ ಉರಿಯುವಷ್ಟು ಸರಿಯಾಗಿ ನೋಡಿ. ಆಮೇಲೆ ಎದ್ದು ನಿಂತು, ಕಂಡದ್ದನ್ನು ಹೇಳಿ. ನಿಮ್ಮದನ್ನು ಅವನು ಹೇಳುತ್ತಾನೆ. ಹೇಳದಿದ್ದರೆ ಅಕ್ಕಿ ರೈಲಿನಲ್ಲಿ ಬರುತ್ತಲೇ ಇರುತ್ತದೆ.

ಆ ಗುರುವಾರ ಹೊತ್ತು ಮುಳುಗುವ ಮುಂಚೆ ಊರು ಸೇರಿದೆವು. ಸುದ್ದಿ ನಮಗಿಂತ ಮುಂದೆ ಬಂದಿತ್ತು. ಎದುರಿಗೆ ಸಿಕ್ಕವರೆಲ್ಲ ನನ್ನನ್ನು ನಿಲ್ಲಿಸಿ, "ನಿಮ್ ಷಡ್ಡಕ ಭಾಳ ಚೆನ್ನಾಗಿ ಮಾತಾಡಿದ್ನಂತೆ" ಎಂದರು. ಹೆಂಡತಿ ಬಾಗಿಲಲ್ಲೇ ಕೇಳಿದಳು:

"ನೀವೇನ್ ಮಾತಾಡಿದ್ರಿ?"

"ಬದನೆಕಾಯಿ."

ಅವಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಅವನು ಅತ್ತೆಯ ಮನೆಗೆ ಹೊರಟವನು ಬುಟ್ಟಿಗೆ ಕೈ ಹಾಕಿ ಆ ಹಳದಿ ಬದನೆಯನ್ನು ತೆಗೆದು ನನ್ನ ಕೈಗೆ ಇಟ್ಟ.

"ಬೀಜಕ್ಕೆ ಇಟ್ಕೋ ಅಣ್ಣ. ಗಿಡದಲ್ಲೇ ಮಾಗಿಸಿ, ಬೆಳಿಗ್ಗೆ ನಿಂಗೇ ಅಂತ ತಂದಿದ್ದೆ. ಕಣದಲ್ಲಿ ಕೊಡೋಣ ಅಂದ್ರೆ ಅಕ್ಕ ಕಾಲೆತ್ತಿಸಿಬಿಟ್ಳು."

"ಬದುವಲ್ಲಿ ನಾನು ನಿಂತಿದ್ದು ನೋಡಿದ್ಯಾ?" ಎಂದೆ.

"ನಿನ್ ಚಪ್ಪಲಿ ಗುರುತು ಯಾರಿಗ್ ಗೊತ್ತಾಗಲ್ಲ? ಸಾಲು ಹಿಡ್ದಂಗೆ ನೆಟ್ಟಗಿರುತ್ತೆ. ಬಾಯ್ಬಿಟ್ಟು ಕೇಳೋದಲ್ವಾ ಮಾರಾಯ, ಮೊದ್ಲೇ ಕೊಡ್ತಿದ್ದೆ."

ಕೊಡುವುದರಲ್ಲೂ ಅವನೇ ಮುಂದಾಗಿದ್ದ. ಅದನ್ನು ನಾನು ಬಹಳ ದಿನ ನುಂಗಲಾರದೆ ಹೋದೆ. ಈಗಲೂ ಪೂರ್ತಿ ನುಂಗಿದ್ದೇನೆ ಎನ್ನಲಾರೆ.

ಅವನು ಹೋದ ಮೇಲೆ ಉಳಿದ ಕೆಲಸ ಮುಗಿಸಿದೆ. ಎತ್ತುಗಳಿಗೆ ಹುಲ್ಲು ಹಾಕಿದೆ. ಸೋಮವಾರದ ಮೂಟೆಯ ರಾಗಿಯನ್ನು ಹೆಂಡತಿ ಇನ್ನೊಮ್ಮೆ ಜರಡಿ ಹಿಡಿದಳು, ನಾನು ಬಾಯಿ ಹೊಲಿದೆ. ಕೊಳಗ, ಮೊರ, ಜರಡಿಗಳನ್ನು ಅವುಗಳ ಗೂಟಕ್ಕೆ ಸೇರಿಸಿದೆ. ಕೊನೆಗೆ ಮಣೆಯ ಮೇಲೆ ಹತ್ತಿ, ಆ ಹಳದಿ ಬದನೆಯನ್ನು ತೊಟ್ಟಿಗೆ ದಾರ ಬಿಗಿದು, ಬೀಜಕ್ಕೆ ಹುಳು ಹಿಡಿಯದಿರಲೆಂದು ಒಲೆಯ ಹೊಗೆ ತಾಗುವಂತೆ ಸೂರಿಗೆ ಕಟ್ಟಿ, ಇಳಿದು, ಮಣೆಯನ್ನು ಗೋಡೆಗೆ ಒರಗಿಸಿದೆ.