ಹದಿನೇಳು ಸಲ ಹೋಗಿಯೂ ಜಲಪಾತ ನೋಡದ ವೀರವ್ವ

ಸಾತಾರಾ ಸೀಮೆಯ ಘಟ್ಟದ ಮೇಲೆ ಬೆಳಗಿನ ಐದೂವರೆ. ಶ್ರಾವಣದ ಜಿಟಿಜಿಟಿ ಮಳೆ. ಸವಣೂರಿನಿಂದ ಓಡಿ ಬಂದ ಪ್ರವಾಸದ ಬಸ್ಸಿನೊಳಗೆ ನಲವತ್ತೆರಡು ಮಂದಿ ಬಾಯಿ ತೆರೆದು ಮಲಗಿದ್ದಾರೆ. ಎದ್ದಿರುವವರು ದುಂಡಸಿಯ ವೀರವ್ವ ಒಬ್ಬರೇ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಬಸ್ಸಿನ ಡಿಕ್ಕಿಯೊಳಗೆ ಅರ್ಧ ಮೈ ತೂರಿಸಿ, ಗೋಣಿಚೀಲದಲ್ಲಿ ಸುತ್ತಿಟ್ಟ ಮೂರು ಕಲ್ಲುಗಳನ್ನು ಒಂದೊಂದಾಗಿ ಹೊರಗೆಳೆಯುತ್ತಿದ್ದಾರೆ. ಒಲೆಗೆ ಹೂಡುವ ಕಲ್ಲುಗಳು, ಒಂದೊಂದೂ ಎಂಟು ಕಿಲೋ. ಸುತ್ತ ಕಣ್ಣು ಹಾಯಿಸಿದರೆ ಇಡೀ ಗುಡ್ಡವೇ ಕರಿಕಲ್ಲು. ಇಂಥ ಕಡೆಗೆ ನಾನೂರು ಕಿಲೋಮೀಟರ್ ದೂರದಿಂದ ಕಲ್ಲು ಹೊತ್ತು ತರುವ ಪುಣ್ಯಾತ್ಗಿತ್ತಿ ಬೇರೊಬ್ಬರು ಇರಲಾರರು.

"ನಗಬ್ಯಾಡ್ರಿ. ಇಲ್ಲೀ ಕಲ್ಲು ನಂಬಿ ಒಮ್ಮೆ ಕೆಟ್ಟೇನಿ" ಎನ್ನುತ್ತಾರೆ.

ಕೆಟ್ಟದ್ದು ಮೊದಲ ಪ್ರವಾಸದಲ್ಲಿ. ಹಳ್ಳದ ದಂಡೆಯಲ್ಲಿ ಗುಂಡಗೆ, ತೂತು ತೂತಾಗಿ ಚೆಂದ ಕಂಡ ಮೂರು ಕಲ್ಲು ಆರಿಸಿ ಒಲೆ ಹೂಡಿದ್ದರು. ಮಳೆಗಾಲವಿಡೀ ನೀರು ಕುಡಿದ ಕಲ್ಲು ಬೆಂಕಿ ತಾಗಿದ ಸ್ವಲ್ಪ ಹೊತ್ತಿಗೆ ಢಂ ಎಂದು ಸಿಡಿದು, ಬೋಗುಣಿ ಮಗುಚಿ, ಬಸ್ಸಿನ ಮಂದಿಯೆಲ್ಲ ಶೇಂಗಾ ಚಟ್ನಿಯಲ್ಲಿ ರೊಟ್ಟಿ ತಿಂದು ಮುಖ ದಪ್ಪ ಮಾಡಿಕೊಂಡರು. ಅಂದಿನಿಂದ ದುಂಡಸಿಯ ಹೊಲದ ಬದುವಿನ ಕಲ್ಲುಗಳಿಗೂ ಈ ಬಸ್ಸಿನಲ್ಲಿ ಕಾಯಂ ಜಾಗ. ಮಾಲೀಕರೂ ಚಾಲಕರೂ ಆದ ಸವಣೂರಿನ ಉಸ್ಮಾನಸಾಬರು ಪ್ರತಿ ಸಲವೂ ಆ ಮೂವರಿಗೆ ಟಿಕೆಟ್ ಕೇಳುತ್ತಾರೆ. ವೀರವ್ವ ಪ್ರತಿ ಸಲವೂ ಕೇಳಿಸದವರಂತೆ ಇರುತ್ತಾರೆ.

ವೀರವ್ವನಿಗೆ ಈಗ ಐವತ್ತೆಂಟು. ಶಿಗ್ಗಾಂವಿ ಸುತ್ತಲಿನ ಮದುವೆಮನೆಗಳಲ್ಲಿ ಇಪ್ಪತ್ತು ವರ್ಷ ಅಡುಗೆಯವರ ಕೈಕೆಳಗೆ ದುಡಿದವರು. ಆ ಇಪ್ಪತ್ತು ವರ್ಷದಲ್ಲಿ ಅವರ ಪಾಲಿಗೆ ಬಂದದ್ದು ಉಳ್ಳಾಗಡ್ಡಿ ಹೆಚ್ಚುವುದು, ಬೋಗುಣಿ ತಿಕ್ಕುವುದು ಅಷ್ಟೇ. ಎಂಟು ವರ್ಷದ ಹಿಂದೆ ಉಸ್ಮಾನಸಾಬರು ಶ್ರಾವಣದ ಪ್ರವಾಸ ಶುರು ಮಾಡಿದಾಗ, ಹಾನಗಲ್ಲು, ಹಿರೇಕೆರೂರಿನ ಮಂದಿ ಎರಡನೆಯ ದಿನಕ್ಕೇ ರೊಟ್ಟಿ ರೊಟ್ಟಿ ಎಂದು ಜೀವ ತಿಂದರಂತೆ. ಹಾಗೆ ವೀರವ್ವ ಬಸ್ಸು ಹತ್ತಿದರು. ಹೊರಡುವ ಮೂರು ದಿನ ಮೊದಲೇ ಮನೆಯಲ್ಲಿ ಇನ್ನೂರೈವತ್ತು ಖಡಕ್ ರೊಟ್ಟಿ ಬಡಿಯಬೇಕು. ಹತ್ತು ಕಿಲೋ ಬದನೆಕಾಯಿ, ಆರು ಕಿಲೋ ಉಳ್ಳಾಗಡ್ಡಿ, ಮಳೆ ತಾಗದಂತೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ ಜಾಲಿ ಕಟ್ಟಿಗೆ. ಇಲ್ಲಿಗೆ ಬಂದ ಮೇಲೆ ತಾಡಪತ್ರಿಯ ಕೆಳಗೆ ಹೊಗೆಯೊಡನೆ ಕುಸ್ತಿ.

"ಉಳ್ಳಾಗಡ್ಡಿಗೆ ಅಳಾಕತ್ತೇನೋ, ಹೊಗಿಗೆ ಅಳಾಕತ್ತೇನೋ ನನಗ ತಿಳಿಯಂಗಿಲ್ರಿ" ಎಂದು ಮೂಗು ಒರೆಸಿಕೊಳ್ಳುತ್ತಾರೆ.

ಅಳುವುದಕ್ಕೆ ಇನ್ನೊಂದು ಕಾರಣವೂ ಇದೆ. ಬಸ್ಸು ನಿಲ್ಲುವ ಜಾಗದಿಂದ ಇನ್ನೂರ ಹತ್ತು ಮೆಟ್ಟಿಲು ಇಳಿದರೆ ಜಲಪಾತ. ಮಂದಿ ಬರುವುದೇ ಅದಕ್ಕೆ. ಶ್ರಾವಣಕ್ಕೆ ಎರಡೋ ಮೂರೋ ಪ್ರವಾಸದಂತೆ ವೀರವ್ವ ಇಲ್ಲಿಗೆ ಹದಿನೇಳು ಸಲ ಬಂದಿದ್ದಾರೆ. ಒಂದು ಸಲವೂ ಅದನ್ನು ನೋಡಿಲ್ಲ.

"ಮಂದಿ ಮೊಬೈಲ್‌ನ್ಯಾಗ ನೋಡೇನ್ರಿ. ಮುಂದ ಯಾರರ ಹಲ್ಲು ಕಿಸದು ನಿಂತಿರ್ತಾರ. ನೀರು ಅವರ ಕಿವಿ ಹಿಂದ ಒಂದಿಷ್ಟು ಕಾಣ್ತೈತಿ."

ಇಳಿಯಲು ಕಾಲಿಗೆ ಶಕ್ತಿಯಿಲ್ಲವೆಂದಲ್ಲ. ಬೋಗುಣಿ ಬಿಟ್ಟು ಹೋಗುವ ಧೈರ್ಯವಿಲ್ಲ. ಎಣ್ಣೆಗಾಯಿಯ ವಾಸನೆ ಎದ್ದಿತೆಂದರೆ ಕಾವಲಿಗೆ ಕೂತವರೇ ಕಳ್ಳರಾಗುತ್ತಾರೆ. ಒಮ್ಮೆ ಉಸ್ಮಾನಸಾಬರನ್ನು ಕೂರಿಸಿ ನಲವತ್ತು ಮೆಟ್ಟಿಲು ಇಳಿದು, ಯಾಕೋ ಅನುಮಾನ ಬಂದು ಹಿಂತಿರುಗಿದರೆ, ಸಾಬರು ಉಪ್ಪು ನೋಡುತ್ತಿದ್ದರು. ಅಷ್ಟರಲ್ಲಿ ಹನ್ನೊಂದು ಬದನೆಕಾಯಿಯ ಉಪ್ಪು ನೋಡಿಯಾಗಿತ್ತು. ಪ್ರತಿ ವರ್ಷ ಪ್ರವಾಸಕ್ಕೆ ಬರುವ ಅಬಲೂರಿನ ಗಿರಿಯಪ್ಪನವರನ್ನು ಕೂರಿಸಿದಾಗ ಅವರು ರೊಟ್ಟಿಯನ್ನೂ ಜೊತೆಗಿಟ್ಟುಕೊಂಡೇ ಕಾದರು.

ಈ ಸಲ, ಹದಿನೆಂಟನೆಯ ಸಲ, ದೇವರು ಕಣ್ಣು ಬಿಟ್ಟಿದ್ದಾನೆ. ಸವಣೂರಿನ ನಿವೃತ್ತ ವಿಜ್ಞಾನ ಶಿಕ್ಷಕ ನರಸಿಂಹಾಚಾರ್ಯರು ಬಂದಿದ್ದಾರೆ. ಮೊಣಕಾಲು ನೋವು, ಮೆಟ್ಟಿಲು ಇಳಿಯಲಾರರು. ಅವರಿಗೆ ನೀರಿಗಿಂತ ಕಲ್ಲಿನ ಮೇಲೆ ಪ್ರೀತಿ. ಎಲ್ಲಕ್ಕಿಂತ ಮುಖ್ಯವಾಗಿ, ಉಳ್ಳಾಗಡ್ಡಿ ಬೆಳ್ಳುಳ್ಳಿ ಮುಟ್ಟುವವರಲ್ಲ. ಮನೆಯಿಂದ ಅವಲಕ್ಕಿಯ ಡಬ್ಬಿ ತಂದಿದ್ದಾರೆ. ಇಂಥ ಕಾವಲುಗಾರರು ಹುಡುಕಿದರೂ ಸಿಗುವುದಿಲ್ಲ ಎಂದು ವೀರವ್ವನಿಗೆ ಹೊಳೆಯುತ್ತದೆ.

ಒಲೆಯ ಮುಂದೆ ಕೂತ ಆಚಾರ್ಯರು ಪಾಠ ಶುರು ಮಾಡುತ್ತಾರೆ. ಆರೂವರೆ ಕೋಟಿ ವರ್ಷದ ಹಿಂದೆ ಭೂಮಿಯ ಹೊಟ್ಟೆಯೊಳಗಿನ ಕಲ್ಲು ಕರಗಿ, ಕುದ್ದು, ಮೇಲೆ ಉಕ್ಕಿ ಹರಿದು, ಪದರದ ಮೇಲೆ ಪದರ ಆರಿ ಈ ಗುಡ್ಡವಾಯಿತು ಎನ್ನುತ್ತಾರೆ.

"ಅಂದ್ರ ಯಾರೋ ಒಲಿ ಮ್ಯಾಲ ಇಟ್ಟು ಮರತಿದ್ರು ಅನ್ರಿ" ಎನ್ನುತ್ತಾರೆ ವೀರವ್ವ. ಮೂವತ್ತೆರಡು ವರ್ಷ ಪಾಠ ಹೇಳಿದ ಆಚಾರ್ಯರಿಗೆ ಇದಕ್ಕಿಂತ ಚೊಕ್ಕ ಉತ್ತರ ಬರೆದ ವಿದ್ಯಾರ್ಥಿ ನೆನಪಾಗುವುದಿಲ್ಲ.

ಬದನೆಕಾಯಿ ಅರ್ಧ ಬೆಂದಿದೆ. ವೀರವ್ವ ಉರಿ ಸಣ್ಣಗೆ ಮಾಡಿ ಎದ್ದು ನಿಲ್ಲುತ್ತಾರೆ. "ಆಚಾರ್ರ, ಹತ್ತ ನಿಮಿಷದಾಗ ಬರ್ತೇನಿ. ಬೋಗಾಣಿಗೆ ಯಾರ ಕೈನೂ ಹತ್ತಬಾರ್ದು ನೋಡ್ರಿ."

ಮೆಟ್ಟಿಲು ಇಳಿದು ಕಟಾಂಜನ ಹಿಡಿದು ನಿಂತರೆ ಎದುರಿಗೆ ಮಂಜೋ ಮಂಜು. ನೀರು ಬೀಳುವ ಸದ್ದಿದೆ, ನೀರಿಲ್ಲ. ಅಕ್ಕಪಕ್ಕದವರು ಬೇಸತ್ತು ಮೇಲೆ ಹೋಗುತ್ತಾರೆ. ತಮ್ಮ ಹಣೆಬರಹವೇ ಇಷ್ಟು ಎಂದುಕೊಳ್ಳುತ್ತಾರೆ ವೀರವ್ವ. ಆದರೂ ನಿಲ್ಲುತ್ತಾರೆ. ಆಗ ಗಾಳಿ ಬೀಸಿ ಮಂಜು ಸರಿಯುತ್ತದೆ. ಮೆಟ್ಟಿಲು ಮೆಟ್ಟಿಲಾದ ಕರಿಬಂಡೆ, ಅದರ ನೆತ್ತಿಯಿಂದ ಬುಡದವರೆಗೆ ಬಿಳಿ ನೀರು. ಮುಂದೆ ಯಾರ ಹಲ್ಲೂ ಇಲ್ಲ, ಕಿವಿಯೂ ಇಲ್ಲ. ವೀರವ್ವ ಗಟ್ಟಿಯಾಗಿ ನಗುತ್ತಾರೆ. ಕಣ್ಣಲ್ಲಿ ನೀರೂ ಬರುತ್ತದೆ, ಈ ಸಲ ಹೊಗೆಯ ಹೆಸರು ಹೇಳುವಂತಿಲ್ಲ.

ಹತ್ತು ನಿಮಿಷ ಎಂದವರು ಮೇಲೆ ಬರುವಾಗ ಮುಕ್ಕಾಲು ತಾಸು. ಕೊನೆಯ ಮೆಟ್ಟಿಲಿನಲ್ಲೇ ಮೂಗಿಗೆ ವಿಷಯ ತಿಳಿಯುತ್ತದೆ.

ಆಚಾರ್ಯರು ಪರೀಕ್ಷಾ ಕೊಠಡಿಯ ಮೇಲ್ವಿಚಾರಕರಂತೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾರೆ. ಉಸ್ಮಾನಸಾಬರು ಮೂರು ಸಲ ಬಂದರಂತೆ, ಮೂರು ಸಲವೂ ಓಡಿಸಿದರಂತೆ.

"ಒಬ್ರ ಕೈನೂ ಹತ್ತಲಿಕ್ಕೆ ಬಿಟ್ಟಿಲ್ಲ ವೀರವ್ವ. ನಾನೂ ಮುಟ್ಟಿಲ್ಲ."

ಬೋಗುಣಿಯ ತಳದಲ್ಲಿ ಎರಡು ಬೆರಳು ದಪ್ಪ ಕರಿ ಪದರ. ತೂತು ತೂತು. ಆಚಾರ್ಯರು ಬಗ್ಗಿ ನೋಡಿ, ಥೇಟು ಈ ಗುಡ್ಡದ ಕಲ್ಲೇ ಎಂದು ಬೆರಗಾಗುತ್ತಾರೆ. ಆಮೇಲೆ ವೀರವ್ವನ ಮುಖ ನೋಡಿ ಅವಲಕ್ಕಿಯ ಡಬ್ಬಿ ತೆರೆಯುತ್ತಾರೆ. ಎಂಟು ವರ್ಷದಲ್ಲಿ ವೀರವ್ವನ ಅಡುಗೆ ತಳ ಹಿಡಿದದ್ದು ಇದೇ ಮೊದಲು.

ಅವರು ಸೆರಗು ಸಿಕ್ಕಿಸಿ ಬೋಗುಣಿ ಕೆಳಗಿಳಿಸುತ್ತಾರೆ. ಆಮೇಲೆ ಮೇಲುಮೇಲಿನದನ್ನು ಹುಷಾರಾಗಿ ತೆಗೆದು ಬಡಿಸುತ್ತಾರೆ. ಸುಟ್ಟ ವಾಸನೆ ರುಚಿ ಕೊಟ್ಟಿದೆ ಎಂದು ಗಿರಿಯಪ್ಪನವರು ಎರಡನೆಯ ಸಲ ಹಾಕಿಸಿಕೊಳ್ಳುತ್ತಾರೆ. ಉಸ್ಮಾನಸಾಬರು ಎಂದಿನಂತೆ ಉಪ್ಪು ನೋಡುತ್ತಾರೆ.

ಮಂದಿ ಉಂಡೆದ್ದ ಮೇಲೆ ವೀರವ್ವ ಹಿತ್ತಾಳೆ ಸೌಟಿನಿಂದ ತಳ ಕೆರೆಯುತ್ತ ಕೂರುತ್ತಾರೆ. ಬೇಸರವಾಯಿತೇ ಎಂದು ಕೇಳಿದರೆ, ಆತು ಎನ್ನುತ್ತಾರೆ ನೇರವಾಗಿ. ಆದರೆ ಅಲ್ಲಿ ನಿಂತಾಗ ಬದನೆಕಾಯಿ ನೆನಪೇ ಬರಲಿಲ್ಲವಂತೆ, ಹುಟ್ಟಿದ ಮೇಲೆ ಹಂಗಾದದ್ದು ಇದೇ ಮೊದಲಂತೆ. ಮುಂದಿನ ವರ್ಷವೂ ಇಳಿದು ನೋಡುವ ಆಸೆಯಿದೆ. ಅದಕ್ಕೆ ಉಸ್ಮಾನಸಾಬರ ಹತ್ತಿರ ಅವರದು ಒಂದೇ ಬೇಡಿಕೆ.

"ಉಳ್ಳಾಗಡ್ಡಿ ತಿನ್ನಲಾರದವರು ಇಬ್ರು ಬೇಕ್ರಿ. ಒಬ್ರು ಕಾಯಾಕ, ಒಬ್ರು ತಿರುವ್ಯಾಡಾಕ."