ಗುರುವಾರದ ಸಾಲು

ಊರಿನವರು ಅವನನ್ನು ಡಾಕ್ಟರಪ್ಪ ಎಂದು ಕರೆಯುತ್ತಿದ್ದರು. ಅವನು ಡಾಕ್ಟರೂ ಅಲ್ಲ, ಕಾಂಪೌಂಡರೂ ಅಲ್ಲ. ಎರಡು ಕೋಣೆಯ ಆರೋಗ್ಯ ಕೇಂದ್ರದ ಬೀಗ ತೆಗೆಯುವವನು, ಕಸ ಗುಡಿಸುವವನು, ಗಾಯ ಒರೆಸಿದ ಹತ್ತಿ ಸುಡುವವನು. ಇಪ್ಪತ್ತೆರಡು ವರ್ಷ ಅದೇ ಕೆಲಸ. ನಿಜವಾದ ಡಾಕ್ಟರು ಪೇಟೆಯಿಂದ ಜೀಪಿನಲ್ಲಿ ಗುರುವಾರ ಮಾತ್ರ ಬರುತ್ತಿದ್ದರು. ಹತ್ತಕ್ಕೆ ಕೂತರೆ ಒಂದಕ್ಕೆ ಏಳುತ್ತಿದ್ದರು. ಅವರಿಗೆ ಇನ್ನೂ ಎರಡು ಊರು ಕಾದಿರುತ್ತಿದ್ದವು. ಹಾಗಾಗಿ ಆರು ದಿನದ ಜ್ವರ, ಕೆಮ್ಮು, ನೋವು ಎಲ್ಲವನ್ನೂ ಜನ ಗುರುವಾರಕ್ಕೆ ಎತ್ತಿಡುತ್ತಿದ್ದರು.

ಮೊದಲೆಲ್ಲ ಬಾಗಿಲಲ್ಲಿ ತಳ್ಳಾಟ. ಗಟ್ಟಿ ಮೈಯವರು ಒಳಗೆ, ಕಾಯಿಲೆಯವರು ಹೊರಗೆ. ಅವನೇ ಒಂದು ದಾರಿ ಹುಡುಕಿದ. ಬಂದವರು ಚಪ್ಪಲಿಯನ್ನು ಸಾಲಾಗಿ ಬಿಡಬೇಕು, ತಾವು ಹೋಗಿ ಮರದ ನೆರಳಲ್ಲಿ ಕೂರಬೇಕು. ಚಪ್ಪಲಿ ಇಲ್ಲದವರಿಗೆ ಒಂದು ಇಟ್ಟಿಗೆ ಚೂರು.

ದೊಡ್ಡ ಮನೆಯ ಯಜಮಾನ ಬಂದು ಗದರಿದ. "ಏನೋ, ನನ್ನ ಚಪ್ಪಲೀನೂ ಈ ಇಟ್ಟಿಗೆ ಹಿಂದೇನಾ?"

"ಚಪ್ಪಲಿಗೇನು ಜ್ವರ ಬಂದಿಲ್ಲ ಯಜಮಾನ್ರೇ, ಕಾಯುತ್ತೆ ಬಿಡಿ."

ಎಲ್ಲರೂ ನಕ್ಕರು. ಯಜಮಾನನೂ ನಕ್ಕ, ಕಾದ.

ಹೆಂಡತಿಯನ್ನೂ ಅವನು ಬಿಟ್ಟಿರಲಿಲ್ಲ. ಕೈ ಸುಟ್ಟುಕೊಂಡು ಬಂದವಳನ್ನು ಹದಿನೇಳನೆಯವಳಾಗಿ ಕೂರಿಸಿದ್ದ. ಅವಳು ಎರಡು ದಿನ ಮಾತು ಬಿಟ್ಟಿದ್ದಳು.

ಆ ಗುರುವಾರ ಬೆಳಿಗ್ಗೆ ಅವನು ತಟ್ಟೆ ಮುಂದೆ ಕೂತ, ತಿನ್ನಲಿಲ್ಲ. ಎದೆ ಹಿಂಡಿದ ಹಾಗಿದೆ, ಎಡಗೈ ಸೆಳೆಯುತ್ತಿದೆ ಎಂದ. ಹಣೆಯ ತುಂಬ ಬೆವರು.

"ರೀ, ಡಾಕ್ಟರು ಬಂದ ತಕ್ಷಣ ಮೊದಲು ನೀವು ತೋರಿಸ್ಕೊಳ್ಳಿ."

"ಬಾಗಿಲು ಕಾಯೋನೇ ನುಗ್ಗಿದ್ರೆ ಆಮೇಲೆ ಸಾಲು ಯಾರು ನಿಲ್ತಾರೆ?"

"ಮುಖ ನೋಡ್ಕೊಳ್ಳಿ, ಹೇಗೆ ಬಿಳಿಚ್ಕೊಂಡಿದೆ."

"ಗಂಡ ಬೆಳ್ಳಗಾದ ಅಂತ ಖುಷಿ ಪಡು."

ಅವಳು ಹಿಂದೆಯೇ ಹೋದಳು. ಅವನು ತನ್ನ ಚಪ್ಪಲಿಯನ್ನು ಎಲ್ಲರ ಕೊನೆಗೆ ಬಿಟ್ಟ. ಮೂವತ್ತೊಂದನೆಯದು. ಅವನು ಒಳಗೆ ಹೋದದ್ದು ನೋಡಿ ಅವಳು ಅದನ್ನು ಎತ್ತಿ ಎಲ್ಲಕ್ಕಿಂತ ಮುಂದೆ ಇಟ್ಟಳು. ಯಾರೂ ತಕರಾರು ತೆಗೆಯಲಿಲ್ಲ. ಅವನು ಹೊರಗೆ ಬಂದು ನೋಡಿದ. ಚಪ್ಪಲಿ ಎತ್ತಿಕೊಂಡು ಹೋಗಿ ಕೊನೆಗೇ ಇಟ್ಟ. ವಾಪಸ್ಸು ಬರುವಾಗ ಗೋಡೆ ಹಿಡಿದುಕೊಂಡು ಬಂದ.

"ಹೋಗಣ್ಣ, ನಾವು ಕಾಯ್ತೀವಿ," ನೆರಳಲ್ಲಿ ಕೂತಿದ್ದ ಬಸುರಿಯೊಬ್ಬಳು ಅಂದಳು.

"ಸುಮ್ನೆ ಕೂತ್ಕೋಮ್ಮ."

"ಹಾಗಾದ್ರೆ ಕೊನೇಲೇ ಸಾಯಿರಿ," ಎಂದು ಹೆಂಡತಿ ಸಿಟ್ಟಿನಲ್ಲಿ ಮನೆಗೆ ನಡೆದಳು. ಆ ಮಾತನ್ನು ಅವಳು ಇಂದಿಗೂ ನುಂಗಲಾರಳು.

ಮುಂದಿನದು ಅಲ್ಲಿದ್ದವರು ಹೇಳಿದ್ದು. ಒಂದಕ್ಕೆ ಹತ್ತು ನಿಮಿಷ ಇರುವಾಗ ಅವನ ಸರದಿ ಒಂದೇ ಉಳಿದಿತ್ತು. ಅಷ್ಟರಲ್ಲಿ ಗುಡ್ಡದಾಚೆಯಿಂದ ಒಬ್ಬಳು ಮಗು ಹೊತ್ತು ಓಡಿಬಂದಳು. ಮಗುವಿನ ಮೈ ಕೆಂಡ. ಅವನು ಅವಳನ್ನು ಒಳಗೆ ಕಳಿಸಿದ. ಅದು ಮುಗಿಯುವಾಗ ಒಂದು ದಾಟಿತ್ತು. ಔಷಧಿ ಪೆಟ್ಟಿಗೆಯನ್ನು ಅವನೇ ಜೀಪಿಗೆ ಏರಿಸಿದ.

"ಏನಪ್ಪಾ, ಇಷ್ಟು ಬೆವರ್ತಾ ಇದೀಯಾ?" ಡಾಕ್ಟರು ಕೇಳಿದರು.

"ಬಿಸಿಲು ಸಾರ್. ಮುಂದಿನ ವಾರ ತೋರಿಸ್ಕೋತೀನಿ."

ಶನಿವಾರ ಮಧ್ಯಾಹ್ನ ಅದೇ ಕೋಣೆ ಗುಡಿಸುತ್ತಾ ಬಿದ್ದ. ಪೇಟೆಗೆ ಒಯ್ಯಲು ಗಾಡಿ ಸಿಗುವಷ್ಟರಲ್ಲಿ ಮುಗಿದಿತ್ತು.

ಮುಂದಿನ ಗುರುವಾರ ಡಾಕ್ಟರು ಅವಳ ಮನೆಗೆ ಬಂದರು. ಕೂರಲಿಲ್ಲ. "ಎದೆ ನೋವು, ಉಸಿರು ಕಟ್ಟೋದು, ಇವಕ್ಕೆಲ್ಲ ಸಾಲು ಇಲ್ಲಮ್ಮ. ಅವನಿಗೆ ನಾನು ಹೇಳಿಕೊಡಬೇಕಿತ್ತು," ಎಂದರು. ಅದರ ಮರುವಾರ ಅವಳೇ ಹೋಗಿ ಆ ಬಾಗಿಲಲ್ಲಿ ಕೂತಳು.

ಬಂದವರನ್ನೆಲ್ಲ ಕೇಳುವಳು. ಎದೆ ನೋವಾ? ಉಸಿರು ಕಟ್ಟುತ್ತಾ? ಹೌದೆಂದವರ ತೋಳು ಹಿಡಿದು ಒಳಗೆ ನೂಕುವಳು. ಜಗಳಗಳಾದವು.

"ನಿನ್ನ ಗಂಡ ಹೀಗೆಲ್ಲ ಮಾಡ್ತಿರ್ಲಿಲ್ಲ," ಒಬ್ಬ ಅಂದ.

"ಅದಕ್ಕೇ ಅವರಿಲ್ಲ."

ಒಂದು ದಿನ ಮುದುಕ ಕ್ಷೌರಿಕ ಎದೆ ಹಿಡಿದುಕೊಂಡು ಬಂದ. ಎಲ್ಲರನ್ನೂ ಸರಿಸಿ ಅವನನ್ನು ಒಳಗೆ ಕಳಿಸಿದಳು. ಸ್ವಲ್ಪ ಹೊತ್ತಿಗೆ ಅವನು ಹೊರಗೆ ಬಂದು ಅಂಗಳಕ್ಕೆಲ್ಲ ಕೇಳುವಂತೆ ತೇಗಿದ.

"ಬರೀ ಗ್ಯಾಸಂತೆ ಕಣಮ್ಮ!"

ನೆರಳಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಎಷ್ಟೋ ದಿನದ ಮೇಲೆ ಅವಳಿಗೂ ನಗು ಬಂತು. "ರೀ, ಕೇಳಿದ್ರಾ?" ಎನ್ನುತ್ತಾ ಒಳಗೆ ತಿರುಗಿದಳು.

ಒಳಗೆ ಡಾಕ್ಟರೊಬ್ಬರೇ ಇದ್ದರು.