ಬೆಲ್ಲ ನೀರಿನ ಪರೀಕ್ಷೆ

ಅರವತ್ತರ ದಶಕದಲ್ಲಿ ನಾನು ಅತ್ತಾವರದ ಒಂದು ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಗುಮಾಸ್ತನಾಗಿದ್ದೆ. ಅಲ್ಲಿಗೆ ಜೈಲಿನಿಂದ ಒಬ್ಬನನ್ನು ತಂದಿದ್ದರು. ಸ್ಕಿಜೋಫ್ರೇನಿಯಾ. ಪಕ್ಕದ ಮನೆಯವನು ತನ್ನನ್ನು ನೋಡಿ ನಕ್ಕನೆಂದು ಕೊಡೆಯಿಂದ ಅವನ ತಲೆ ಒಡೆದಿದ್ದ. ಆ ಮನುಷ್ಯ ಹಲ್ಲುನೋವಿಗೆ ಮುಖ ಕಿವುಚಿದ್ದಷ್ಟೆ.

ಎರಡು ವರ್ಷ ಮದ್ದು ತಿಂದು ರೋಗಿ ಗುಣವಾಗಿದ್ದ. ಆದರೆ ಮನೆಗೆ ಹೋಗಬೇಕಾದರೆ ಮದರಾಸಿನಿಂದ ಬಂದ ಹೊಸ ಡಾಕ್ಟರ ಎರಡು ಪರೀಕ್ಷೆಗಳಲ್ಲಿ ಪಾಸಾಗಬೇಕಿತ್ತು. ಮೊದಲನೆಯದು ಮುಖ ಓದುವುದು. ಟೊಪ್ಪಿ ತೆಗೆದು ನಿಂತ ಬಿಳಿ ದೊರೆಯ ಚಿತ್ರ ತೋರಿಸಿ, ಮುಖದಲ್ಲಿ ಏನು ಕಾಣುತ್ತದೆಂದು ರೋಗಿಯನ್ನು ಕೇಳಿದರು.

"ಸೆಕೆ ಆಗ್ತಾ ಉಂಟು ಅವರಿಗೆ," ಎಂದ. ಸರಿಯುತ್ತರ 'ಗೌರವ' ಅಂತೆ. ನನ್ನನ್ನು ಕೇಳಿದ್ದರೆ ನಾನೂ ಸೆಕೆ ಎಂದೇ ಹೇಳುತ್ತಿದ್ದೆ.

ಎರಡನೆಯದು ಸಂಯಮ. ಎದುರಿಗೆ ಸಿಹಿಯಿಟ್ಟರೆ ಅರ್ಧ ಗಂಟೆ ಮುಟ್ಟದೆ ಕೂರಬೇಕು. ಸಿಹಿ ತರುವ ಕೆಲಸ ನನ್ನದು. ತಟ್ಟೆಯಲ್ಲಿ ಒಂದು ತುಂಡು ಬೆಲ್ಲ ತಂದೆ. ಬರೀ ಬೆಲ್ಲ ಇಡುವುದು ಹೇಗೆಂದು ಪಕ್ಕದಲ್ಲಿ ಒಂದು ಲೋಟ ನೀರನ್ನೂ ಇಟ್ಟೆ. ಡಾಕ್ಟರು ಹೊರಗೆ ಹೋದರು.

ಅಷ್ಟರಲ್ಲಿ ಜೈಲಿನ ರೋಗಿಯ ಕಾವಲಿನ ಪಾಳಿ ಬದಲಿಸಲು ಪೊಲೀಸಿನವರೊಬ್ಬರು ನಂತೂರಿನಿಂದ ಬಿಸಿಲಲ್ಲಿ ನಡೆದು ಬಂದರು. ನಮ್ಮೂರಲ್ಲಿ ಬಂದವರಿಗೆ ಮೊದಲು ಕೊಡುವುದೇ ಬೆಲ್ಲ ನೀರು. ತಮಗೇ ಇಟ್ಟದ್ದೆಂದು ಅವರು ಬೆಲ್ಲ ಕಚ್ಚಿದರು, ನೀರು ಕುಡಿದರು, ಉಪಚಾರಕ್ಕಾಗಿ ನನ್ನತ್ತ ತಲೆಯಾಡಿಸಿದರು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ರೋಗಿ ಮಾತ್ರ ಕೈಕಟ್ಟಿ ಕೂತಿದ್ದ, ಕದಲಲಿಲ್ಲ. ಬಾಗಿಲಲ್ಲಿದ್ದ ನಾನು ನಗು ತಡೆದುಕೊಂಡೆ.

ಡಾಕ್ಟರು ಬಂದು ಖಾಲಿ ತಟ್ಟೆ ನೋಡಿ ಕೆಂಡವಾದರು. ಸಂಯಮ ಪರೀಕ್ಷಿಸುವವರೇ ಮೇಜು ಗುದ್ದಿದರು.

"ಯಾರು ತಿಂದದ್ದು? ಪೊಲೀಸರಾಗಿದ್ದರೆ ಈಗಲೇ ಮೇಲಿನವರಿಗೆ ಬರೆಯುತ್ತೇನೆ."

ಪೊಲೀಸಿನವರ ಮುಖ ಬಿಳಿಚಿತು. ಅವರ ಮೀಸೆಯಲ್ಲಿದ್ದ ಬೆಲ್ಲ, ಮುಖ ಓದುವ ತಜ್ಞರಿಗೆ ಕಾಣಲಿಲ್ಲ. ರೋಗಿ ಅವರನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ.

"ನಾನೇ ತಿಂದದ್ದು ಡಾಕ್ಟ್ರೇ," ಎಂದ.

ಡಾಕ್ಟರು ಹೇಳಿದರು, ನಾನು ಬರೆದೆ: ಮುಖಭಾವ ತಿಳಿಯದು, ಸಂಯಮವಿಲ್ಲ, ಇನ್ನೊಂದು ವರ್ಷ ಇಲ್ಲೇ ಇರತಕ್ಕದ್ದು. ಒಂದು ಮಾತು ಹೇಳಿದ್ದರೆ ಸಾಕಿತ್ತು. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ, ಸುಮ್ಮನಿದ್ದೆ. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಸಂಜೆ ವಾರ್ಡಿಗೆ ಹೋಗಿ ಕೇಳಿದೆ, "ಎಂತಕ್ಕೆ ಮಾರಾಯ ಹಾಗೆ ಹೇಳಿದ್ದು? ಮನೆಗೆ ಹೋಗ್ಲಿಕ್ಕೆ ಇತ್ತಲ್ಲ ನಿನಗೆ?"

"ಪೊಲೀಸಿನವರು ಹೆದರಿದ್ರು ಸ್ವಾಮೀ, ಪಾಪ," ಎಂದ. ನನ್ನ ಮುಖ ನೋಡಿ ಮೆಲ್ಲಗೆ ಹೇಳಿದ, "ನೀವು ಅವರಿಗಿಂತ ಹೆಚ್ಚು ಹೆದರಿದ್ರಿ."